ಆನ್‌ಲೈನ್ ಪಾಠದಲ್ಲಿ ರೋಗಿಯ ಮಾನ

ಶುಶ್ರೂಷಾ ವಿದ್ಯೆಯ ಬೋಧಕರು ಇಂದು ಪಾಠದ ಒಂದಷ್ಟು ಭಾಗವನ್ನು ಆನ್‌ಲೈನ್ ಮೂಲಕ ನಡೆಸುವುದುಂಟು. ವಾರ್ಡಿನಲ್ಲಿ ರೋಗಿಯ ಮಂಚದ ಬಳಿ ಆಡಿದ ಮಾತು ಎದುರಿಗಿರುವ ವಿದ್ಯಾರ್ಥಿಗಳಿಗಷ್ಟೇ ಕೇಳಿಸುತ್ತದೆ. ರೆಕಾರ್ಡ್ ಆದ ಪಾಠವಾದರೋ ಯಾರ ಮೊಬೈಲನ್ನು ಸೇರುವುದೆಂದು ಹೇಳಲಾಗದು. ಹಾಸಿಗೆ ಹುಣ್ಣಿನ ಆರೈಕೆಯನ್ನು ಕಲಿಸಲು ತೋರಿಸಿದ ಚಿತ್ರವು ಆ ರೋಗಿಯ ನೆಂಟರ ಕಣ್ಣಿಗೂ ಬೀಳಬಹುದು. ಆದಕಾರಣ ಬೋಧಕರು ವಿಷಯದೊಡನೆ ಕಾನೂನನ್ನೂ ಅರಿತಿರಬೇಕೆಂದು ನಾವು ಭಾವಿಸುತ್ತೇವೆ.

ರೋಗಿಯ ಮನೆಯ ವಿಚಾರವನ್ನು ಹೊರಗೆಡಹಬಾರದೆಂದು ಚರಕ ಸಂಹಿತೆಯ ವಿಮಾನಸ್ಥಾನವು ವೈದ್ಯಶಿಷ್ಯನಿಗೆ ವಿಧಿಸಿದೆ. ಇಂದಿನ ಕಾನೂನೂ ಇದೇ ದಾರಿಯಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಾನಸಿಕ ಚಿಕಿತ್ಸೆಯಲ್ಲಿರುವವರ ಭಾವಚಿತ್ರವನ್ನು ಅವರ ಸಮ್ಮತಿಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ಅದೇ ವರ್ಷದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ನಿಷೇಧಿಸಿದೆ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಒಪ್ಪಿಗೆಯು ಸ್ಪಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತೆಯೂ ಇರಬೇಕು. 18 ವರ್ಷ ತುಂಬದವರಿಗೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು.

ಇಲ್ಲಿ ಒಂದು ಮಾತನ್ನು ಮರೆಯಬಾರದು: ಚಿಕಿತ್ಸೆಗೆಂದು ಮಾಡಿದ ರುಜುವು ಚಿತ್ರೀಕರಣಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಹೆಸರನ್ನು ಅಳಿಸಿದರಷ್ಟೇ ಸಾಲದು. ಊರು, ಕಸುಬು, ಅಪರೂಪದ ಕಾಯಿಲೆ ಇವು ಕೂಡಿದರೆ ಸಣ್ಣ ಊರಿನಲ್ಲಿ ಗುರುತು ಸಿಕ್ಕಿಬಿಡುತ್ತದೆ. ಸಾಧ್ಯವಿದ್ದೆಡೆ ಗೊಂಬೆಯ ಮೇಲೆಯೇ ಕಲಿಸುವುದು ಕ್ಷೇಮ. ರೆಕಾರ್ಡಿಂಗನ್ನು ಯಾರು ನೋಡಬಹುದು, ಎಂದು ಅಳಿಸಬೇಕು ಎಂಬುದನ್ನು ಸಂಸ್ಥೆಯು ಮೊದಲೇ ಬರೆದಿಡಬೇಕು.

ಪಠ್ಯಪುಸ್ತಕದ ವಿಷಯದಲ್ಲಿಯೂ ಎಚ್ಚರವಿರಲಿ. ಬೋಧನೆಯ ಸಂದರ್ಭದಲ್ಲಿ ಕೃತಿಯನ್ನು ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣವು ವಿನಾಯಿತಿ ನೀಡಿದೆ. ಆದರೆ ತರಗತಿಗೆ ತೋರಿಸುವುದು ಬೇರೆ, ಪುಸ್ತಕದ ಪುಟಗಳನ್ನು ಜಗತ್ತಿಗೆಲ್ಲ ಹಂಚುವುದು ಬೇರೆ.

ಸದ್ಭಕ್ತರಲ್ಲಿ ಅನೇಕರ ಮಕ್ಕಳು ಶುಶ್ರೂಷಾ ವೃತ್ತಿಯಲ್ಲಿದ್ದಾರೆ; ನಾವೆಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗುವವರೇ. ಆಸ್ಪತ್ರೆಯಲ್ಲಿ ಪಾಠಕ್ಕೆಂದು ಚಿತ್ರ ತೆಗೆಯಲು ಬಂದಾಗ ಯಾತಕ್ಕೆ, ಯಾರು ನೋಡುವರು, ಎಷ್ಟು ಕಾಲ ಇಡುವರು ಎಂದು ಸಂಕೋಚವಿಲ್ಲದೆ ಕೇಳಬೇಕು. ಮನಸ್ಸಿಲ್ಲದಿದ್ದರೆ ಬೇಡವೆನ್ನಬೇಕು. ಬೇಡವೆಂದವರ ಆರೈಕೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದು. ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಪಾಠವೇ ಅದು.