ಲೆಕ್ಕಕ್ಕೆ ಸಿಗದ ದಣಿವು

ಬ್ರಹ್ಮಾವರದ ಕಡೆ ಮುಂಗಾರು ಹಿಡಿಯಿತೆಂದರೆ ಗದ್ದೆಗಳಲ್ಲಿ ನೇಜಿ ನೆಡುವ ಕೆಲಸ ಮೊದಲಾಗುತ್ತದೆ. ಹೋದ ಮಳೆಗಾಲದಲ್ಲಿ ಸಂಜೆಯವರೆಗೂ ಬಗ್ಗಿ ನೆಟ್ಟ ತರುಣಿಯೊಬ್ಬಳು ಈ ಸಲ ಹತ್ತು ಗಂಟೆಗೇ ಗದ್ದೆಯ ಅಂಚಿನಲ್ಲಿ ಕುಳಿತುಬಿಟ್ಟಳೆಂದು ಭಾವಿಸೋಣ. ಅವಳಿಗೀಗ ಎರಡು ತಿಂಗಳು. ಹೊಟ್ಟೆ ಇನ್ನೂ ಕಾಣಿಸದು. ಆದುದರಿಂದ ನೋಡಿದವರು ಅದನ್ನು ಸೋಮಾರಿತನವೆಂದು ಎಣಿಸುವುದುಂಟು. ತನ್ನ ಮೇಲೆ ಅವಳಿಗೂ ಅದೇ ಗುಮಾನಿ. ಎರಡು ಸೆಂಟಿಮೀಟರೂ ಇಲ್ಲದ ಭ್ರೂಣವು ಇಷ್ಟು ದಣಿವನ್ನು ತಂದೀತೇ?

ಭೌತವಿಜ್ಞಾನವನ್ನು ಕಲಿಸುವ ನಾವು ಮೊದಲು ಶಕ್ತಿಯ ಲೆಕ್ಕವನ್ನೇ ಹಿಡಿಯುತ್ತೇವೆ. ವಿಶ್ರಾಂತಿಯಲ್ಲಿರುವ ಹೆಂಗಸಿನ ದೇಹವು ಸುಮಾರು 60 ವಾಟ್ ದರದಲ್ಲಿ ಶಕ್ತಿಯನ್ನು ವ್ಯಯಿಸುತ್ತದೆ. ಗರ್ಭದ ಮೊದಲ ಮೂರು ತಿಂಗಳುಗಳಲ್ಲಿ ಬೇಕಾಗುವ ಹೆಚ್ಚಿನ ಶಕ್ತಿ ದಿನಕ್ಕೆ ಸುಮಾರು 85 ಕಿಲೊಕ್ಯಾಲೊರಿ. ಒಂದು ಕಿಲೊಕ್ಯಾಲೊರಿಗೆ 4,184 ಜೂಲ್. ದಿನಕ್ಕೆ 86,400 ಸೆಕೆಂಡು. ಗುಣಿಸಿ ಭಾಗಿಸಿದರೆ ಬರುವುದು ಬರಿಯ 4 ವಾಟ್! ಅದಕ್ಕೆ ಒಂದು ಬಾಳೆಹಣ್ಣು ಸಾಕು. ಹಾಗಾದರೆ ದಣಿವು ಸುಳ್ಳೇ? ಅಲ್ಲ. ದಣಿವೆಂದರೆ ಶಕ್ತಿಯ ಕೊರತೆಯೊಂದೇ ಎಂಬ ನಮ್ಮ ಊಹೆಯೇ ಸುಳ್ಳು.

ಈ ದಿನಗಳಲ್ಲಿ ದೇಹದ ಆಡಳಿತವೇ ಬದಲಾಗುತ್ತದೆ. ಮೊದಲು ಅಂಡಾಶಯದಿಂದಲೂ ಅನಂತರ ಮಾಸುವಿನಿಂದಲೂ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಹೇರಳವಾಗಿ ಒಸರುತ್ತದೆ. ಗರ್ಭವನ್ನು ಕಾಯುವ ಈ ಹಾರ್ಮೋನಿಗೆ ಮೆದುಳನ್ನು ಮಂಕುಗೊಳಿಸಿ ನಿದ್ರೆಯನ್ನು ಬರಿಸುವ ಗುಣವೂ ಉಂಟು. ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡ ತುಸು ಇಳಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ತಳ್ಳುತ್ತಿದ್ದ ಹೃದಯವು ಎಂಟನೆಯ ವಾರದ ಹೊತ್ತಿಗೆ ಸುಮಾರು 6 ಲೀಟರನ್ನು ತಳ್ಳಬೇಕಾಗುತ್ತದೆ. ದಿನವೊಂದಕ್ಕೆ 1,440 ಲೀಟರು ಹೆಚ್ಚು. 15 ಲೀಟರಿನ ಕೊಡದಲ್ಲಿ ಅಳೆದರೆ 96 ಕೊಡ! ಇದರ ಮೇಲೆ ವಾಕರಿಕೆ. ಮೂತ್ರಕ್ಕೆಂದು ಮತ್ತೆ ಮತ್ತೆ ಏಳುವುದರಿಂದ ಕೆಡುವ ನಿದ್ರೆ.

ಈ ದಣಿವು ಸಹಜವಾದುದು. ಸಾಮಾನ್ಯವಾಗಿ ಹನ್ನೆರಡು, ಹದಿನಾಲ್ಕು ವಾರಗಳ ಬಳಿಕ ಹಗುರಾಗುತ್ತದೆ. ಆದರೆ ಅದರ ಮರೆಯಲ್ಲಿ ರಕ್ತಹೀನತೆಯು ಅಡಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ಈ ಕೊರತೆ. 1928ರಲ್ಲಿ ಮುಂಬಯಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್ ಅವರು ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದುದು ಇಂದು ಫೋಲಿಕ್ ಆಮ್ಲದ ಬಳಗವೆಂದು ನಾವು ಅರಿತಿರುವ ಜೀವಸತ್ವ. ಮೊದಲ ತಿಂಗಳುಗಳಲ್ಲಿ ಫೋಲಿಕ್ ಆಮ್ಲದ ಗುಳಿಗೆಯನ್ನೂ ನಾಲ್ಕನೆಯ ತಿಂಗಳಿನಿಂದ ಕಬ್ಬಿಣದೊಡನೆ ಕೂಡಿದ ಗುಳಿಗೆಯನ್ನೂ ಕೊಡುತ್ತಾರೆ. 100 ಮಿಲಿಲೀಟರು ರಕ್ತದಲ್ಲಿ ಹೀಮೊಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ಕೊರತೆ. ಪರೀಕ್ಷೆಯಿಲ್ಲದೆ, ಮುಖ ನೋಡಿ ಇದನ್ನು ನಿರ್ಣಯಿಸಲಾಗದು.

ಪರಿಹಾರಗಳು ಸರಳ. ರಾತ್ರಿ ಬೇಗ ಮಲಗುವುದು. ಮಧ್ಯಾಹ್ನ ಅರ್ಧ ಗಂಟೆ ಒರಗುವುದು. ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು. ಗಂಜಿಯೊಡನೆ ಹುರುಳಿ, ಹರಿವೆ, ನುಗ್ಗೆಸೊಪ್ಪು, ತಿನ್ನುವವರಿಗೆ ಬಂಗುಡೆ. ಮೇಲೆ ನಾಲ್ಕು ಹನಿ ಲಿಂಬೆರಸವಿದ್ದರೆ ಸೊಪ್ಪುಕಾಳುಗಳ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ತಡೆಯಾಗುತ್ತದೆ. ಬಗ್ಗಿದವಳು ಥಟ್ಟನೆ ಏಳಬಾರದು, ತಲೆ ತಿರುಗೀತು. ಕುಳಿತಲ್ಲಿಯೂ ಏದುಸಿರು, ಮೂರ್ಛೆ, ರಕ್ತಸ್ರಾವ, ನೀರೂ ನಿಲ್ಲದ ವಾಂತಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವಿದ್ಯಾರ್ಥಿಗಳಾದ ನೀವು ಯಾರದೋ ತಮ್ಮ, ತಂಗಿ, ಮೈದುನ, ನಾದಿನಿ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾವಿಕಟ್ಟೆಯ ಬಳಿ ಸುಮ್ಮನೆ ಕುಳಿತಿದ್ದರೆ ಏನೂ ಕೇಳದೆ ಕೊಡವನ್ನು ನೀವೇ ಎತ್ತಿಕೊಳ್ಳಿರಿ. ಆ ದಿನದ 96 ಕೊಡಗಳನ್ನು ಅವಳ ಹೃದಯವು ಆಗಲೇ ಎತ್ತುತ್ತಿರುತ್ತದೆ.