ಕಿರುತೆರೆಯ ವಿನೋದವೂ ಕ್ರೈಸ್ತ ಕನ್ನಡಿಗನೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಮನೆಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಟೆಲಿವಿಷನ್ ನಗೆಯನ್ನು ಬಡಿಸುತ್ತದೆ. ದಣಿದ ಜನರು ನಗುವುದು ಒಳ್ಳೆಯದೇ. ನಾವು ವಿನೋದದ ವೈರಿಗಳಲ್ಲ. ಆದರೆ ಈ ಹಾಸ್ಯಗಳಲ್ಲಿ ಬರುವ ಕ್ರೈಸ್ತ ಪಾತ್ರವು ಬಹುಮಟ್ಟಿಗೆ ಒಂದೇ ಅಚ್ಚಿನದು: ಕೊರಳಲ್ಲಿ ಶಿಲುಬೆ, ಕೈಯಲ್ಲಿ ಮದ್ಯದ ಸೀಸೆ, ಬಾಯಲ್ಲಿ ಇಂಗ್ಲಿಷು ಬೆರೆತ ಹರಕು ಕನ್ನಡ. ಹೆಸರು ಕೇಳಿದೊಡನೆ ನಗಬೇಕೆಂಬುದು ರೂಢಿಯಾಗಿಬಿಟ್ಟಿದೆ.

ಹಾಸ್ಯದಲ್ಲಿ ಪುರೋಹಿತನೂ ಶೆಟ್ಟಿಯೂ ಗೌಡನೂ ಗುರಿಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುತ್ತಾರೆ, ನಿಜ. ಆದರೆ ಅದೇ ತೆರೆಯ ಮೇಲೆ ಅವರು ನ್ಯಾಯಾಧೀಶರಾಗಿಯೂ ತಂದೆತಾಯಿಗಳಾಗಿಯೂ ನಾಯಕರಾಗಿಯೂ ಕಾಣಿಸಿಕೊಳ್ಳುತ್ತಾರೆ. ಕ್ರೈಸ್ತನಿಗೆ ಅಂತಹ ಅವಕಾಶವು ವಿರಳ. ತಮ್ಮ ಧಾರವಾಡ ಸೀಮೆಯ ಮಾತನ್ನೇ ಬೆಂಗಳೂರಿನ ಹಾಸ್ಯಗಾರರು ಅಣಕಿಸಿದಾಗ ಮನನೊಂದ ನಮ್ಮ ಭಾಗದ ವಾಚಕರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಈ ಚಿತ್ರಣದ ದೊಡ್ಡ ದೋಷವೆಂದರೆ ಕ್ರೈಸ್ತನು ಕನ್ನಡಿಗನೇ ಅಲ್ಲವೆಂಬ ಸೂಚನೆ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದು, 1894ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ ಕಿಟೆಲ್ಲರನ್ನು ಪರದೇಶದವರೆಂದು ಬದಿಗಿರಿಸೋಣ. ಧಾರವಾಡದಲ್ಲಿಯೇ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ಏನೆನ್ನೋಣ? ಹಿರೇಕೆರೂರು ಸೀಮೆಯು ತನ್ನವನೆಂದು ಹೆಮ್ಮೆಪಡುವ ಸರ್ವಜ್ಞನ ತ್ರಿಪದಿಗಳು ಹಲವೆಡೆ ಚದುರಿಹೋಗಿದ್ದಾಗ, ಅವನ್ನು ಶ್ರಮಪಟ್ಟು ಸಂಗ್ರಹಿಸಿ 1924ರಲ್ಲಿ ನಾಡಿಗಿತ್ತವರು ಈ ಕ್ರೈಸ್ತ ಪಾದ್ರಿಗಳು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನಾಡು ಅವರನ್ನು ಕುಳ್ಳಿರಿಸಿತು. ಅವರ ಬಾಯಲ್ಲಿ ಹರಕು ಕನ್ನಡವಿತ್ತೆಂದು ಯಾರೂ ಹೇಳಲಾರರು.

ಅವರು ಉಳಿಸಿಕೊಟ್ಟ ಸರ್ವಜ್ಞನೂ ನಕ್ಕವನೇ. ಅವನಷ್ಟು ಕಟುವಾಗಿ ಅಣಕಿಸಿದವರು ಕನ್ನಡದಲ್ಲಿ ವಿರಳ. ಆದರೆ ಅವನ ಚಾಟಿ ಬಿದ್ದುದು ಜಾತಿಯ ಮದದ ಮೇಲೆ, ಲೋಭದ ಮೇಲೆ, ಸೋಗಿನ ಭಕ್ತಿಯ ಮೇಲೆ. ಹುಟ್ಟನ್ನು ಹಿಡಿದು ಮನುಷ್ಯನನ್ನು ಅಳೆಯುವುದನ್ನೇ ಅವನು ಗೇಲಿಮಾಡಿದನು.

ನಮ್ಮ ಹಾಸ್ಯ ಲೇಖಕರು ಈ ಅಳತೆಗೋಲನ್ನು ಹಿಡಿಯಲಿ. ಕ್ರೈಸ್ತ ಪಾತ್ರಗಳನ್ನು ಪೂಜಿಸಬೇಕೆಂದು ನಾವು ಹೇಳುತ್ತಿಲ್ಲ. ಅವರಲ್ಲಿಯೂ ಜಿಪುಣರುಂಟು, ಬಡಾಯಿಗಾರರುಂಟು; ಅವರ ಜಿಪುಣತನಕ್ಕೂ ಬಡಾಯಿಗೂ ಮನಸಾರೆ ನಗೋಣ. ಆದರೆ ಶಾಲೆಯಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಅದೇ ಕನ್ನಡ ಪಾಠವನ್ನು ಓದುವ ಕ್ರೈಸ್ತ ಬಾಲಕನು ರಾತ್ರಿ ಅದೇ ಕಾರ್ಯಕ್ರಮವನ್ನು ನೋಡುತ್ತಿರುತ್ತಾನೆ. ಅವನೂ ನಮ್ಮೊಡನೆ ನಗಲು ಸಾಧ್ಯವಾದರೆ ಮಾತ್ರ ಅದು ನಗೆ. ಇಲ್ಲದಿದ್ದರೆ ಅದು ಅವಮಾನ.