ಹೊಳೆ ಸಾಕಿದ ಮೂಡಭಟ್ಕಳ

ಭಟ್ಕಳದ ಚರಿತ್ರೆ ಹೇಳುವವರೆಲ್ಲ ಬಂದರಿನಿಂದಲೇ ಶುರುಮಾಡುತ್ತಾರೆ. ಅರಬರ ಕುದುರೆ, ಪೋರ್ಚುಗೀಸರ ಫಿರಂಗಿ, ಕಡಲು. ಆ ವ್ಯಾಪಾರದ ದುಡ್ಡು ಎಲ್ಲಿ ಹೋಗಿ ಕೂತಿತು ಎಂದು ತಿಳಿಯಬೇಕಾದರೆ ಮಾತ್ರ ಬಂದರಿಗೆ ಬೆನ್ನು ಹಾಕಿ, ಶರಾಬಿ ಹೊಳೆಯ ಗುಂಟ ಮೂಡಭಟ್ಕಳ, ಮುಟ್ಟಳ್ಳಿಯ ಕಡೆ ಬರಬೇಕು.

1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಗುವ ಮುಂಚೆ ವಿಜಯನಗರದ ದಂಡಿಗೆ ಕುದುರೆ ಒದಗಿಸಿದ ದೊಡ್ಡ ಬಂದರು ಭಟ್ಕಳ. ಹೊರ್ಮುಜ್‌ನಿಂದ ಕುದುರೆ ಬರುತ್ತಿತ್ತು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು ಎಂದು ಆ ಕಾಲದ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಬರೆದಿದ್ದಾನೆ. ಹೋಗುವ ಸರಕಿನಲ್ಲಿ ಕಡಲಿನದು ಒಂದೂ ಇಲ್ಲ, ಗಮನಿಸಿ. ಎಲ್ಲ ಮೂಡಣ ಸೀಮೆಯ ಗದ್ದೆಯದು, ಘಟ್ಟದ ಮೇಲಿನದು. 1502ರಲ್ಲಿ ವಾಸ್ಕೋ ಡ ಗಾಮಾ ಹೆದರಿಸಿ ಹೇರಿದ ಕಪ್ಪ ಕೂಡ ಅಕ್ಕಿಯ ರೂಪದಲ್ಲೇ ಇತ್ತು.

1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜಾ ಊರನ್ನು ಸುಟ್ಟು ಸೂರೆ ಮಾಡಿದ. ಅಲ್ಲಿಗೆ ಮುಗಿಯಿತು ಎನ್ನಬೇಕು, ಮುಗಿಯಲಿಲ್ಲ. 1556ಕ್ಕೆ ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಎದ್ದಿತು. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನವೂ ಅದೇ ಶತಮಾನದ್ದು. ಕಟ್ಟಿಸಿದವನು ಅರಸನಲ್ಲ, ಹೆಸರೇ ಹೇಳುವಂತೆ ಒಬ್ಬ ಪೈ. ಕರಾವಳಿಯ ಮಳೆ ಬಲ್ಲವರು ಕಟ್ಟಿದ್ದು ಎಂದು ತಿಳಿಯಲು ಮಾಡು ನೋಡಿದರೆ ಸಾಕು: ಹೆಂಚಿನ ಮನೆಯ ಹಾಗೆ ಇಳಿಜಾರು, ಆದರೆ ಪೂರಾ ಕಲ್ಲಿನ ಹಾಸು. ಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು. ಹಂಪಿಗೆ ಬಸ್ಸು ಹಿಡಿಯುವವರಲ್ಲಿ ಹತ್ತರಲ್ಲೊಬ್ಬರು ಇಲ್ಲಿ ಇಳಿದರೂ ಈ ಊರಿನ ಮರ್ಯಾದೆ ಬೇರೆಯೇ ಆಗುತ್ತಿತ್ತು.

ಇಂಗ್ಲಿಷರೂ ಬಂದರು. 1637–38ರ ಅವರ ಮೂರು ಗೋರಿಗಳು ಭಟ್ಕಳದಲ್ಲಿವೆ. ಇಂಗ್ಲಿಷರ ನಾಯಿ ಹಸು ಕೊಂದಿತು, ಸಿಟ್ಟಿಗೆದ್ದ ಊರವರು ಅವರನ್ನೇ ಕೊಂದರು ಎಂದು ಸ್ಕಾಟಿಷ್ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹೇಳುವ ಕತೆಯೊಂದಿದೆ. ಅದನ್ನು ಈ ಗೋರಿಗಳಿಗೆ ಗಂಟು ಹಾಕುವ ಆಸೆ ಯಾರಿಗೂ ಆದೀತು, ಇಸವಿ ಕೂಡುವುದಿಲ್ಲ. ಅವನ ಕತೆ 1670ರದ್ದು.

ಪೇಟೆ ಬೆಳೆದಂತೆ ಮುಟ್ಟಳ್ಳಿ ಅದರ ಅಂಚಿಗೆ ಅಂಟಿಕೊಂಡಿತು. ಗದ್ದೆಯ ಬದುವಿಗೆ ತಾಗಿ ಮನೆಗಳು ಬಂದವು, ಜಾಗ ಸಾಲದೆ ಗುಡ್ಡದ ಬುಡಕ್ಕೂ ಹತ್ತಿದವು. ಅದರ ಬೆಲೆ ಗೊತ್ತಾದದ್ದು 2022ರ ಆಗಸ್ಟ್ 2ರ ನಸುಕಿನಲ್ಲಿ. ಒಂದು ದಿನದಲ್ಲಿ 500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿದು ಮುಟ್ಟಳ್ಳಿಯಲ್ಲಿ ಗುಡ್ಡ ಜರಿಯಿತು. ಒಂದೇ ಮನೆಯ ನಾಲ್ವರು ಮಣ್ಣಿನಡಿ ಸತ್ತರು. ಕೆಳಗೆ ಚೌಥನಿಯ ಕಡೆ ಹೊಳೆ ಮನೆಗಳಿಗೆ ನುಗ್ಗಿತು.

ಅಂದಿನಿಂದ ಮಳೆಗಾಲ ಹತ್ತಿರವಾದಾಗಲೆಲ್ಲ ಇಲ್ಲಿ ಎರಡೇ ಮಾತು: ಗುಡ್ಡ ಮತ್ತು ಹೂಳು. ಅಕ್ಕಿ ಮೂಟೆ ಹೊತ್ತ ದೋಣಿಗಳಿಗೆ ದಾರಿಯಾಗಿದ್ದ ಶರಾಬಿ ಈಗ ಪೇಟೆಯ ಕೊಳಚೆ ಹೊರುತ್ತದೆ. ಹೂಳೆತ್ತಿಸಿ ಎಂದು ದಡದವರು ಕೇಳುತ್ತಲೇ ಇದ್ದಾರೆ.